ಟೆಸ್ಟ್ ನಂಬರಿನ ತಂತಿ

ನಮ್ಮ ಸಣ್ಣ ಎಕ್ಸ್‌ಚೇಂಜನ್ನು ತೆಗೆದುಹಾಕಲು ಮೂರು ವಾರ ಉಳಿದಿದ್ದಾಗ ತಾಲ್ಲೂಕಿನಿಂದ ಹೊಸ ಇಂಜಿನಿಯರ್ ಸಾಹೇಬರು ಮೊದಲ ಸಲ ಬಂದರು. ಕೈಯಲ್ಲಿ ಒಂದು ಫ್ಲಾಪಿ, ಕಂಕುಳಲ್ಲಿ ಪ್ರಿಂಟ್ ಕಾಗದದ ಕಟ್ಟು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಕುರ್ಚಿ ಒರೆಸಿ ಕೊಟ್ಟರೂ ಕೂರಲಿಲ್ಲ. ನೇರವಾಗಿ ಯಂತ್ರದ ಮುಂದೆ ಹೋಗಿ ನಿಂತರು.

“ಇದರಲ್ಲಿ ಎಷ್ಟು ನಂಬರ್ ಜೀವಂತ ಇದೆ ರೀ?”

“ನೂರಾ ಹನ್ನೊಂದು ಸಾರ್.”

“ರಿಜಿಸ್ಟರಲ್ಲಿ ನೂರಾ ಒಂಬತ್ತೇ ಇದೆ.”

ನನಗೆ ಭಯವಾಯಿತು. ಆ ಎರಡು ನಂಬರುಗಳಿಂದಲ್ಲ. ಅವರು ಎಣಿಸದೆ ಬಿಟ್ಟ ಇನ್ನೊಂದು ವಿಷಯದಿಂದ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಾಗಮಂಗಲ ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ನಾನು ಟೆಲಿಫೋನ್ ಮೆಕ್ಯಾನಿಕ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ತಪ್ಪು ಮಾಡಿದವನು ನಾನು, ಊರಲ್ಲ. ನನ್ನ ಮನೆ ಪಾಂಡವಪುರದ ಕಡೆ. ಹೋಬಳಿಯಲ್ಲಿ ಎಕ್ಸ್‌ಚೇಂಜಿನ ಹಿಂದೆಯೇ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬನೇ ಇದ್ದೆ. ಬೀರುವಿನಷ್ಟು ದೊಡ್ಡದಾದ ಆ ಯಂತ್ರ, ಬ್ಯಾಟರಿ, ಊರೂರಿಗೆ ಹೋದ ಕಂಬಗಳು, ಎಲ್ಲವೂ ನನ್ನ ಕೈಯಲ್ಲಿದ್ದವು.

ಸಾಹೇಬರ ಕೆಲಸದ ರೀತಿ ನಾನು ಅದುವರೆಗೆ ಕಂಡಿರದಂಥದ್ದು. ಅಲ್ಲಿಯವರೆಗೆ ಯಾರಿಗಾದರೂ ಫೋನ್ ಕೊಡಬೇಕಾದರೆ ನಾನು ಟರ್ಮಿನಲ್ ಮುಂದೆ ಕೂತು ಒಂದೊಂದೇ ಆಜ್ಞೆ ಒತ್ತಿ ನಂಬರ್ ಹುಟ್ಟಿಸುತ್ತಿದ್ದೆ. ತೆಗೆಯಬೇಕಾದರೆ ಒಂದೊಂದೇ ಒತ್ತಿ ಅಳಿಸುತ್ತಿದ್ದೆ. ರಿಜಿಸ್ಟರಿಗೆ ಬರೆಯುವುದು ನೆನಪಾದಾಗ. ಸಾಹೇಬರು ಇಡೀ ಎಕ್ಸ್‌ಚೇಂಜನ್ನೇ ಒಂದು ಪಟ್ಟಿಯಾಗಿ ಕಂಪ್ಯೂಟರಿನಲ್ಲಿ ಬರೆದಿದ್ದರು. ಒಂದು ಫೋನಿಗೆ ಒಂದು ಸಾಲು: ನಂಬರ್ ಯಾವುದು, ಹೆಸರು ಯಾರದು, ಯಂತ್ರದಲ್ಲಿ ತಂತಿ ಸೇರುವ ಯಾವ ಬಾಯಿ, ಕೇಬಲ್ಲಿನ ಯಾವ ತಂತಿ ಜೋಡಿ. ಆ ಪಟ್ಟಿಯನ್ನು ಫ್ಲಾಪಿಯಿಂದ ತಾಲ್ಲೂಕಿನ ದೊಡ್ಡ ಯಂತ್ರಕ್ಕೆ ಉಣಿಸಿದರೆ ಅದೇ ಸಾಲು ಸಾಲಾಗಿ ಓದಿಕೊಂಡು, ಇಲ್ಲದ್ದನ್ನು ಹುಟ್ಟಿಸಿ, ಹೆಚ್ಚಿನದನ್ನು ಅಳಿಸಿ ಮುಗಿಸುತ್ತಿತ್ತು. ಆಮೇಲೆ ನಮ್ಮ ಸಣ್ಣ ಯಂತ್ರದ ಸ್ವಿಚ್ ಆರಿಸಿ ಲಾರಿಗೆ ಹಾಕುವುದು.

“ಪಟ್ಟಿಯಲ್ಲಿ ಇರೋದು ಯಂತ್ರದಲ್ಲಿ ಇರಬೇಕು. ಪಟ್ಟಿಯಲ್ಲಿ ಇಲ್ಲದ್ದು ಯಂತ್ರದಲ್ಲಿ ಇರಬಾರದು,” ಎಂದರು. “ಇವತ್ತಿಂದ ಕೈಯಲ್ಲಿ ಏನೂ ತಿದ್ದಬೇಡಿ. ತಿದ್ದಲೇಬೇಕಾದರೆ ನನಗೆ ಹೇಳಿ, ಪಟ್ಟಿ ತಿದ್ದೋಣ.”

ಹೊರಡುವ ಮೊದಲು ಚೌಕಟ್ಟಿನ ಮುಂದೆ ನಿಂತು ಇನ್ನೊಂದು ಮಾತು ಹೇಳಿದರು. ಎಕ್ಸ್‌ಚೇಂಜಿನಲ್ಲಿ ಒಂದು ಕಬ್ಬಿಣದ ಚೌಕಟ್ಟು ಇರುತ್ತದೆ. ಅದರ ಒಂದು ಬದಿಗೆ ಊರಿನ ಕೇಬಲ್ಲುಗಳು ಬಂದು ಕೂರುತ್ತವೆ, ಇನ್ನೊಂದು ಬದಿಗೆ ಯಂತ್ರದ ಬಾಯಿಗಳು. ಎರಡನ್ನೂ ಸೇರಿಸುವ ತಂತಿಗೆ ಜಂಪರ್ ಎನ್ನುತ್ತೇವೆ. “ತೆಗೆಯುವಾಗ ಮೊದಲು ಯಂತ್ರದಲ್ಲಿ ನಂಬರ್, ಆಮೇಲೆ ಜಂಪರ್. ಹಿಂದುಮುಂದಾಗಬಾರದು. ಬರೀ ಜಂಪರ್ ಕಿತ್ತರೆ ನಂಬರ್ ಹಾಗೇ ಉಳಿದಿರುತ್ತೆ. ಕರೆ ಮಾಡಿದವನ ಕಿವಿಗೆ ಅಲ್ಲಿ ಗಂಟೆ ಬಾರಿಸ್ತಿದೆ ಅಂತ ಕೇಳಿಸುತ್ತೆ, ಅಲ್ಲಿ ಮಾತ್ರ ಫೋನ್ ಸುಮ್ಮನೆ ಕೂತಿರುತ್ತೆ.”

ಇದು ನನಗೆ ಹೊಸದಲ್ಲ. ಎಷ್ಟೋ ವರ್ಷದಿಂದ ಗೊತ್ತಿದ್ದ ಮಾತು. ಆದರೂ ತಲೆಯಾಡಿಸಿ ಕೇಳಿಸಿಕೊಂಡೆ.

ಮೊದಲ ಎರಡು ವಾರ ನನಗೆ ಬಿಡುವೇ ಸಿಗಲಿಲ್ಲ. ಹೆಚ್ಚಿಗೆ ಇದ್ದ ಎರಡು ನಂಬರುಗಳು ಸುಲಭವಾಗಿ ಸಿಕ್ಕವು. ಒಂದು, ವರ್ಗವಾಗಿ ಹೋದ ಮೇಷ್ಟ್ರು ಬಿಟ್ಟುಕೊಟ್ಟದ್ದು. ಇನ್ನೊಂದು, ಮುಚ್ಚಿದ ಗೊಬ್ಬರದ ಅಂಗಡಿಯದು. ಎರಡನ್ನೂ ಅಳಿಸಲು ನಾನೇ ಮರೆತಿದ್ದೆ. ಆದರೆ ಪಟ್ಟಿಯನ್ನು ಮೊದಲ ಸಲ ಓಡಿಸಿ ನೋಡಿದಾಗ ದೊಡ್ಡ ಯಂತ್ರ ಹದಿನಾಲ್ಕು ಸಾಲುಗಳನ್ನು ಒಪ್ಪದೆ ಉಗುಳಿತು. ಒಂದೇ ಬಾಯಿಗೆ ಇಬ್ಬರ ಹೆಸರು, ಒಂದೇ ಹೆಸರಿಗೆ ಎರಡು ಜೋಡಿ. ಅಣ್ಣತಮ್ಮಂದಿರು ಪಾಲಾದಾಗ ಫೋನು ಒಬ್ಬನ ಮನೆಯಿಂದ ಇನ್ನೊಬ್ಬನ ಮನೆಗೆ ಹೋಗಿತ್ತು, ರಿಜಿಸ್ಟರಿನಲ್ಲಿ ಸತ್ತ ಅಪ್ಪನ ಹೆಸರೇ ಇತ್ತು. ನಾನು ಸೈಕಲ್ ಹತ್ತಿ ಕಂಬ ಕಂಬವನ್ನೂ ಮನೆ ಮನೆಯನ್ನೂ ನೋಡಿಕೊಂಡು ಬಂದು ಸಾಲುಗಳನ್ನು ತಿದ್ದಿಸಿದೆ. ಎರಡನೆಯ ಸಲ ನಾಲ್ಕು ಸಾಲು ಉಗುಳಿತು. ಮೂರನೆಯ ಸಲ ಒಂದೂ ಇಲ್ಲ. ಸಾಹೇಬರು ಫೋನಿನಲ್ಲೇ, “ನಿಮ್ಮಂಥ ಮೆಕ್ಯಾನಿಕ್ ಎಲ್ಲ ಹೋಬಳಿಯಲ್ಲೂ ಇದ್ದಿದ್ರೆ!” ಎಂದು ಹೊಗಳಿದರು. ಆ ಹೊಗಳಿಕೆಗೆ ನಾನು ತಕ್ಕವನಲ್ಲ ಎಂದು ನನಗೆ ಗೊತ್ತಿತ್ತು.

ಯಾಕೆಂದರೆ ಪಟ್ಟಿಯಲ್ಲಿ ಇದ್ದೂ ಸುಳ್ಳಾಗಿದ್ದ ಒಂದು ಸಾಲಿತ್ತು.

ಪ್ರತಿ ಎಕ್ಸ್‌ಚೇಂಜಿಗೂ ಒಂದು ಟೆಸ್ಟ್ ನಂಬರ್ ಇರುತ್ತದೆ. ಲೈನು ಸರಿ ಇದೆಯೋ ಇಲ್ಲವೋ ನೋಡಲು ಮೆಕ್ಯಾನಿಕ್‌ಗಳು ಬಳಸುವುದು. ಅದಕ್ಕೆ ಹೊರಗಿನ ತಂತಿ ಇರಕೂಡದು. ನಮ್ಮಲ್ಲಿ ಇತ್ತು. ಏಳು ತಿಂಗಳ ಹಿಂದೆ ನಾನೇ ಒಂದು ಜಂಪರ್ ಹಾಕಿ ಅದನ್ನು ಒಂದು ಮನೆಗೆ ಕೊಟ್ಟಿದ್ದೆ. ನಂಬರ್ ಮೊದಲೇ ಇದ್ದದ್ದರಿಂದ ಟರ್ಮಿನಲ್ಲಿನಲ್ಲಿ ಒಂದು ಅಕ್ಷರವನ್ನೂ ಒತ್ತಬೇಕಾಗಿರಲಿಲ್ಲ. ಒತ್ತಿದ್ದರೆ ಪಕ್ಕದ ಪ್ರಿಂಟರ್ ಗಂಟೆ ನಿಮಿಷದ ಸಮೇತ ಕಾಗದದ ಮೇಲೆ ಹೊಡೆದುಬಿಡುತ್ತಿತ್ತು. ತಂತಿ ಹಾಕಿದ್ದಕ್ಕೆ ಯಾವ ಗುರುತೂ ಇಲ್ಲ.

ಆ ಮನೆ ಒಬ್ಬ ಜೀಪ್ ಡ್ರೈವರನದು. ಮುಸಲ್ಮಾನರ ಹುಡುಗ, ಆಗ ಮೂವತ್ತೈದು ಇರಬಹುದು. ಸುತ್ತಲ ಹತ್ತು ಹದಿನೈದು ಹಳ್ಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಸಿಗುತ್ತಿದ್ದ ಗಾಡಿ ಅದೊಂದೇ. ಹೆರಿಗೆ, ಹಾವು, ಬಾವಿಗೆ ಬಿದ್ದದ್ದು, ಏನೇ ಆದರೂ ಅವನನ್ನೇ ಕರೆಯಬೇಕು. ನನ್ನ ತಾಯಿ ನನ್ನ ಕೋಣೆಗೆ ಬಂದಿದ್ದಾಗ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅವಳನ್ನು ಮಗುವಿನಂತೆ ಎತ್ತಿಕೊಂಡು ಮಂಡ್ಯಕ್ಕೆ ಮುಟ್ಟಿಸಿದವನು ಅವನೇ. ಫೋನಿಗೆ ಅರ್ಜಿ ಹಾಕಿ ಮೂರು ವರ್ಷವಾಗಿತ್ತು. ಸರದಿ ಬಂದಿರಲಿಲ್ಲ. ನಾನು ಕೊಟ್ಟೆ. ಋಣ ತೀರಿಸಿದೆ ಎಂದುಕೊಂಡೆ. ಈಗ ಯೋಚಿಸಿದರೆ, ನಾನು ಮನಸ್ಸು ಮಾಡಿದರೆ ಆಗುತ್ತದೆ ಎಂದು ತೋರಿಸಿಕೊಳ್ಳುವ ಆಸೆಯೂ ಅದರಲ್ಲಿತ್ತು.

ಅವನಿಗೆ ನಿಜ ಹೇಳಿರಲಿಲ್ಲ. ಸರದಿ ಮುಂದಕ್ಕೆ ಹಾಕಿಸಿದ್ದೇನೆ, ಬಿಲ್ಲು ವರ್ಷಕ್ಕೊಮ್ಮೆ ಬರುತ್ತದೆ ಎಂದಿದ್ದೆ. “ಇದರಿಂದ ನೀನು ಯಾರಿಗೂ ಫೋನ್ ಮಾಡ್ಬೇಡ. ಬಂದದ್ದನ್ನ ಎತ್ತು, ಅಷ್ಟೆ,” ಎಂದು ಮಾತು ತೆಗೆದುಕೊಂಡಿದ್ದೆ. ನಂಬರನ್ನು ಹೆಚ್ಚು ಜನಕ್ಕೆ ಹೇಳಬೇಡ ಎಂದೂ ಅಂದಿದ್ದೆ. ಅವನು ಮರುವಾರವೇ ಜೀಪಿನ ಹಿಂಬದಿಗೆ ಹಳದಿ ಬಣ್ಣದಲ್ಲಿ ಅಂಗೈ ಅಗಲದ ಅಂಕಿಗಳಲ್ಲಿ ಬರೆಸಿದ. “ಜನಕ್ಕೆ ಗೊತ್ತಾಗದಿದ್ರೆ ಫೋನ್ ಯಾತಕ್ಕಣ್ಣ?” ಎಂದ.

ಶುಕ್ರವಾರ ಸಾಹೇಬರ ಫೋನ್ ಬಂತು. ಸೋಮವಾರ ಬೆಳಿಗ್ಗೆ ಅವರೇ ಬಂದು ಚೌಕಟ್ಟಿನ ಪ್ರತಿಯೊಂದು ಜಂಪರನ್ನೂ ಪಟ್ಟಿ ಹಿಡಿದು ಕೈಯಿಂದ ಮುಟ್ಟಿ ನೋಡುತ್ತಾರೆ, ಸಂಜೆ ಬದಲಾವಣೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಶನಿವಾರ ಬೆಳಿಗ್ಗೆಯಿಂದ ಯಂತ್ರದ ಮುಂದೆ ಅತ್ತಿಂದಿತ್ತ ಓಡಾಡಿದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಬೀಡಿ ಸೇದುವುದನ್ನು ಬಿಟ್ಟು ಎರಡು ವರ್ಷವಾಗಿತ್ತು, ಅವತ್ತು ಒಂದು ಕಟ್ಟು ಮುಗಿಸಿದೆ.

ಮೂರು ದಾರಿಗಳಿದ್ದವು. ಸಾಹೇಬರಿಗೆ ಹೇಳಿಬಿಡುವುದು. ಹೇಳಿದರೆ ಚಾರ್ಜ್‌ಶೀಟ್ ಖಂಡಿತ, ಕೆಲಸ ಹೋದರೂ ಹೋಯಿತು. ಇಲ್ಲವೇ ಆ ನಂಬರಿಗೆ ಯಂತ್ರದಲ್ಲೇ ತಡೆ ಹಾಕುವುದು. ಆಗ ಕರೆ ಮಾಡಿದವರಿಗೆ ಬೇರೆಯದೇ ಸದ್ದು ಕೇಳಿಸಿ, ಈ ನಂಬರ್ ಈಗಿಲ್ಲ ಎಂದು ಗೊತ್ತಾಗುತ್ತಿತ್ತು, ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ಆದರೆ ಪ್ರಿಂಟರ್ ಅದನ್ನು ಬರೆದಿಡುತ್ತದೆ. ಟೆಸ್ಟ್ ನಂಬರಿಗೆ ಯಾಕೆ ತಡೆ ಹಾಕಿದಿರಿ ಎಂದು ಸಾಹೇಬರು ಕೇಳಿಯೇ ಕೇಳುತ್ತಾರೆ. ಮೂರನೆಯದು, ಸದ್ದಿಲ್ಲದೆ ಬರೀ ಜಂಪರ್ ಕೀಳುವುದು.

ಊಟದ ಹೊತ್ತಿಗೆ ಕಿತ್ತೆ. ಸುತ್ತಿ ಜೇಬಿಗೆ ಹಾಕಿಕೊಂಡೆ.

ಜೀಪಿನವನಿಗೆ ಹೇಳಿಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಹೇಳಬೇಕೆಂದೇ ನಾಲ್ಕು ಗಂಟೆಗೆ ಅವನ ಮನೆಗೆ ಹೋದೆ. ಎಕ್ಸ್‌ಚೇಂಜಿನಿಂದ ಇನ್ನೂರು ಹೆಜ್ಜೆ. ಅವನು ಜೀಪಿನ ಕೆಳಗೆ ಮಲಗಿದ್ದ, ಹೆಂಡತಿ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದಳು. ಒಳಗೆ ರೇಡಿಯೋ ಜೋರಾಗಿ ಹಾಡುತ್ತಿತ್ತು.

“ಬನ್ನಿ ಅಣ್ಣ, ಕೂತ್ಕೊಳಿ. ಏ, ಅಣ್ಣಂಗೆ ಚಾಯ್ ಇಡು,” ಎಂದು ಕೆಳಗಿನಿಂದಲೇ ಕೂಗಿದ. ಆಮೇಲೆ ಎದ್ದು ಬಂದು, ಒಳಗಿನ ಗೂಡಿನಲ್ಲಿದ್ದ ಫೋನನ್ನು ತೋರಿಸಿ ನಕ್ಕ. “ನೋಡಿ, ನಿಮ್ ಫೋನಿಗೆ ಇವ್ಳು ಉಲ್ಲನ್ ಕುಲಾವಿ ಹಾಕವ್ಳೆ. ನನ್ ಮಕ್ಳಿಗೆ ಹಾಕಿಲ್ಲ ಕಣಣ್ಣ!”

“ಮಕ್ಳು ಅತ್ತರೆ ಎತ್ಕೊಳಾಕೆ ನಾನಿವ್ನಿ. ಅದು ಅತ್ತರೆ ಓಡಿ ಬರೋನು ನೀನು ತಾನೆ,” ಎಂದಳು ಅವಳು.

ಹೇಳಲು ಬಾಯಿ ತೆರೆದೆ. ಫೋನ್ ಸತ್ತಿದೆ ಎಂದರೆ ಯಾಕೆ ಎನ್ನುತ್ತಾನೆ. ಯಾಕೆ ಎಂದರೆ ಅದು ಕದ್ದು ಕೊಟ್ಟದ್ದು ಎನ್ನಬೇಕು. ನಾಳೆ ಹೇಳಿದರಾಯಿತು, ಒಂದು ದಿನದಲ್ಲಿ ಏನಾಗುತ್ತದೆ ಎಂದುಕೊಂಡೆ. ಚಹಾ ಕುಡಿದು ಎದ್ದು ಬಂದೆ.

ಅದೇ ಸಂಜೆ ದೀಪ ಹಚ್ಚುವ ಹೊತ್ತಿಗೆ, ಆರು ಕಿಲೋಮೀಟರ್ ಆಚೆಯ ಒಂದು ಹಳ್ಳಿಯಲ್ಲಿ ಹೊಲದಿಂದ ಅವರೆಕಾಯಿ ಬಿಡಿಸಿಕೊಂಡು ಬರುತ್ತಿದ್ದ ಹೆಂಗಸಿಗೆ ಬದುವಿನಲ್ಲಿ ಕೊಳಕುಮಂಡಲ ಹಾವು ಕಚ್ಚಿತು. ಅವಳ ಮೈದುನ ಡೈರಿಯ ಫೋನಿಗೆ ಓಡಿ ಜೀಪಿನವನ ನಂಬರ್ ತಿರುಗಿಸಿದ. ಅವನ ಕಿವಿಗೆ ಗಂಟೆ ಬಾರಿಸುವುದು ಕೇಳಿಸಿತು. ಇಟ್ಟು ಮತ್ತೆ ತಿರುಗಿಸಿದ. ಮತ್ತೆ ಗಂಟೆ. ಹೀಗೆ ಮುಕ್ಕಾಲು ಗಂಟೆ. ಈಗ ಎತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ಕಾದರು. ನಂಬರ್ ಇಲ್ಲ ಎಂಬ ಸದ್ದು ಬಂದಿದ್ದರೆ ಮೊದಲ ಸಲಕ್ಕೇ ಫೋನ್ ಇಟ್ಟು ಅವನನ್ನು ಕರೆತರಲು ಸೈಕಲ್ ಹತ್ತುತ್ತಿದ್ದರು. ಕೊನೆಗೆ ಟ್ರಾಕ್ಟರಿಗೆ ಟ್ರೇಲರ್ ಕಟ್ಟಿ, ಹುಲ್ಲು ಹಾಸಿ, ಅವಳನ್ನು ಮಲಗಿಸಿಕೊಂಡು ಹೊರಟರು.

ನನಗೆ ಗೊತ್ತಾದದ್ದು ಭಾನುವಾರ ಬೆಳಿಗ್ಗೆ, ಹೋಟೆಲಿನಲ್ಲಿ. ಹಾಲಿನ ಕ್ಯಾನಿನವನು ಹೇಳುತ್ತಿದ್ದ: “ಮುಕ್ಕಾಲು ಗಂಟೆ ರಿಂಗಾಗೈತೆ ಕಣ್ರಪ್ಪ. ಸಾಬ ಎತ್ಲೇ ಇಲ್ಲ. ಕಾಲು ಬಾತು ಕುಂಬಳಕಾಯಾಗೈತಂತೆ. ಮಂಡ್ಯದ ಡಾಕ್ಟ್ರು, ಒಂದು ಗಂಟೆ ಮುಂಚೆ ತರಬಾರ್ದಿತ್ತಾ ಅಂದ್ರಂತೆ.”

ಇಡ್ಲಿ ಬಿಟ್ಟು ಎದ್ದೆ. ಎಕ್ಸ್‌ಚೇಂಜಿನ ಬಾಗಿಲು ತೆಗೆದೆ. ಜೇಬಿನಲ್ಲಿದ್ದ ಜಂಪರನ್ನು ತೆಗೆದು ಮತ್ತೆ ಅದೇ ಜಾಗಕ್ಕೆ ಹಾಕಿದೆ. ಏನು ಯೋಚಿಸಿ ಹಾಕಿದೆ ಎಂದು ಯಾರಾದರೂ ಕೇಳಿದರೆ, ಯೋಚಿಸಲಿಲ್ಲ ಎನ್ನುವುದೇ ನಿಜ. ಕಿತ್ತದ್ದರಿಂದ ಆದ ಅನಾಹುತ ಮತ್ತೆ ಹಾಕಿದರೆ ಸರಿಹೋಗುತ್ತದೆ ಎಂದು ಕೈ ಅಂದುಕೊಂಡಿತು. ಆ ಕೈಯೇ ಜೀಪಿನವನ ಕುತ್ತಿಗೆಗೆ ಹಗ್ಗ ಹಾಕಿತು.

ಹನ್ನೊಂದು ಗಂಟೆಗೆ ಟ್ರಾಕ್ಟರಿನಲ್ಲಿ ಆ ಹಳ್ಳಿಯ ಇಪ್ಪತ್ತು ಜನ ಬಂದಿಳಿದರು. ಜೀಪಿನವನ ಮನೆಯ ಮುಂದೆ ಊರೆಲ್ಲ ಸೇರಿತು, ನಾನೂ ಹೋಗಿ ಹಿಂದೆ ನಿಂತೆ. ಅವರ ಕಡೆಯ ಯಜಮಾನರೊಬ್ಬರು ಜಗುಲಿಯ ಮೇಲೆ ಕೂತರು. ಹೆಂಗಸಿನ ಮೈದುನ ನೇರ ಜೀಪಿನವನ ಅಂಗಿಯ ಕೊರಳಪಟ್ಟಿಗೇ ಕೈ ಹಾಕಿದ.

“ಲೇ, ಕಾಸು ಕೊಡೋರು ಕರದ್ರೆ ಒಂದೇ ರಿಂಗಿಗೆ ಎತ್ತೀಯ. ನಾವು ಕರದ್ರೆ ಕಿವಿ ಕೇಳಾಕಿಲ್ವೇನ್ಲಾ?”

“ಅಣ್ಣ, ಅಲ್ಲಾ ಕಸಂ, ಫೋನು ಹೊಡೀಲೇ ಇಲ್ಲ. ನಾನು ಮನೇಲೇ ಇದ್ನಿ. ಬೇಕಾದ್ರೆ ಇವಳನ್ನ ಕೇಳಿ.”

“ನಿನ್ನ ಹೆಂಡ್ರು ನಿನ್ನ ಕಡೀಕೆ ತಾನೆ ಏಳೋದು!”

ಯಜಮಾನರು ಕೈ ಎತ್ತಿ ಸುಮ್ಮನಾಗಿಸಿದರು. “ಬುಡ್ರಪ್ಪ, ಜಗಳ ಯಾಕೆ. ಒಬ್ಬ ಓಗಿ ಓಟ್ಲು ಫೋನಿಂದ ಈ ನಂಬರ್ ತಿರುಗ್ಸಿ ನೋಡ್ಲಿ.”

ಒಬ್ಬ ಓಡಿದ. ಉಲ್ಲನ್ ಕುಲಾವಿಯ ಕೆಳಗಿನಿಂದ ಫೋನು ಗಣಗಣ ಬಾರಿಸಿತು. ಒಂದು, ಎರಡು, ಮೂರು. ಅವನು ಅದನ್ನು ನೋಡಿದ ನೋಟ ನನಗೆ ಮರೆಯದು. ಸಾಕಿದ ನಾಯಿ ತನ್ನನ್ನೇ ಕಚ್ಚಿದಂತೆ ನೋಡಿದ.

“ಫೋನೇನು ಸುಳ್ಳು ಏಳ್ತದೇನ್ಲಾ?” ಎಂದ ಮೈದುನ.

ಆಗ ಯಾರೋ, “ಅಗೋ, ಫೋನ್ ಮೆಕ್ಯಾನಿಕ್ಕು ಅಲ್ಲೇ ನಿಂತವ್ರೆ, ಅವರ್ನೇ ಕೇಳಿ,” ಎಂದರು. ಗುಂಪು ಸರಿದು ನನಗೆ ದಾರಿ ಬಿಟ್ಟಿತು. ಯಜಮಾನರು ಮರ್ಯಾದೆಯಿಂದಲೇ ಕೇಳಿದರು.

“ಏನ್ ಸ್ವಾಮಿ, ನೀವು ಓದಿರೋರು. ಅಲ್ಲಿ ರಿಂಗಾದ್ರೆ ಇಲ್ಲಿ ರಿಂಗಾಗ್ದೆ ಇರ್ತದಾ? ನಿನ್ನೆ ನಿಮ್ ಯಂತ್ರದಾಗೆ ಏನಾರ ತೊಂದ್ರೆ ಇತ್ತಾ?”

ಜೀಪಿನವನು ನನ್ನ ಮುಖ ನೋಡಿದ. ಅವನ ಕಣ್ಣಿನಲ್ಲಿ ಭಯ ಇರಲಿಲ್ಲ, ಸಮಾಧಾನ ಇತ್ತು. ಅಣ್ಣ ಬಂದ, ಇನ್ನೇನು ನಿಜ ಹೊರಗೆ ಬರುತ್ತದೆ ಎಂಬ ಸಮಾಧಾನ.

“ಯಂತ್ರದಲ್ಲಿ ಏನೂ ತೊಂದರೆ ಇರಲಿಲ್ಲ,” ಎಂದೆ.

ಮಾತಿಗೆ ಮಾತು ಹಿಡಿದರೆ ಅದು ಸುಳ್ಳಲ್ಲ. ಯಂತ್ರ ಸರಿಯಾಗಿಯೇ ಇತ್ತು. ಆದರೆ ಅಲ್ಲಿ ಸೇರಿದ ನೂರು ಜನಕ್ಕೆ ನಾನು ಹೇಳಿದ್ದು ಇಷ್ಟೇ: ಇವನು ಫೋನ್ ಎತ್ತಲಿಲ್ಲ. ಹೆಂಡತಿ ಒಮ್ಮೆ ನನ್ನನ್ನೇ ದಿಟ್ಟಿಸಿ ನೋಡಿ ಒಳಗೆ ಹೋದಳು. ಮೈದುನ ಅವನ ಮುಂದೆ ಉಗುಳಿದ. ಯಾರೂ ಹೊಡೆಯಲಿಲ್ಲ. ಯಜಮಾನರು ಎದ್ದು ಟವೆಲ್ ಕೊಡವಿ, “ಇನ್ಮ್ಯಾಕೆ ಇವನ ಗಾಡಿ ನಮ್ಮೂರಿಗೆ ಬ್ಯಾಡ,” ಎಂದರು. ಹೋಗುವಾಗ ಯಾರೋ ಜೀಪಿನ ಹಿಂದಿನ ಹಳದಿ ಅಂಕಿಗಳ ಮೇಲೆ ಸಗಣಿ ಬಳಿದರು. ಸೋಮವಾರ ಸಾಹೇಬರ ಕಣ್ಣಿಗೆ ಆ ನಂಬರ್ ಬೀಳುವುದಿಲ್ಲವಲ್ಲ ಎಂದು ನನಗೆ ನೆಮ್ಮದಿಯಾಯಿತು. ಹೌದು, ಆ ಹೊತ್ತಿನಲ್ಲಿ ನನಗೆ ನೆಮ್ಮದಿಯಾಯಿತು. ಇದನ್ನೂ ಬರೆಯಬೇಕು.

ಸೋಮವಾರ ಬೆಳಕು ಹರಿಯುವ ಮೊದಲೇ ಜಂಪರನ್ನು ಎರಡನೆಯ ಸಲ ಕಿತ್ತು ಬ್ಯಾಟರಿ ಕೋಣೆಯ ಹಿಂದೆ ಸುಟ್ಟೆ. ಸಾಹೇಬರು ಬಂದು ಪಟ್ಟಿ ಹಿಡಿದು ಒಂದೊಂದೇ ತಂತಿ ಮುಟ್ಟಿದರು. ಟೆಸ್ಟ್ ನಂಬರಿನ ಹತ್ತಿರ ನಿಂತು, ಅದರಿಂದ ಹೊರಹೋದ ಕರೆಗಳ ಮೀಟರ್ ಓದಿದರು. “ಮೂರೇ ಯೂನಿಟ್. ಎಷ್ಟು ಸ್ವಚ್ಛವಾಗಿ ಇಟ್ಟಿದ್ದೀರಿ!” ಎಂದರು. ಆ ಮೂರೂ ನಾನು ಪರೀಕ್ಷೆಗೆ ಮಾಡಿದ ಕರೆಗಳು. ಏಳು ತಿಂಗಳಲ್ಲಿ ಅವನು ಒಂದೇ ಒಂದು ಕರೆಯನ್ನೂ ಮಾಡಿರಲಿಲ್ಲ. ಕರೆ ಮಾಡಲು ರಿಸೀವರ್ ಎತ್ತಿದ್ದರೆ ಶನಿವಾರವೇ ಫೋನ್ ಸತ್ತದ್ದು ಗೊತ್ತಾಗುತ್ತಿತ್ತು. ನನಗೆ ಕೊಟ್ಟ ಮಾತನ್ನು ಉಳಿಸಿಕೊಂಡದ್ದರಿಂದಲೇ ಅವನ ಕೈಯಲ್ಲಿ ಸಾಕ್ಷಿ ಇಲ್ಲದಂತಾಯಿತು.

ಸಂಜೆ ಪಟ್ಟಿ ಓಡಿತು. ಒಂದು ಸಾಲೂ ತಪ್ಪಲಿಲ್ಲ. ಹಳೆಯ ಯಂತ್ರದ ದೀಪಗಳು ಒಂದೊಂದಾಗಿ ಆರಿದವು. ಸಾಹೇಬರು ಎಲ್ಲರಿಗೂ ಮೈಸೂರುಪಾಕು ಹಂಚಿದರು.

ಮಂಗಳವಾರ ಜೀಪಿನವನು ಬಂದ. “ಅಣ್ಣ, ಫೋನಿಂದ ಏನೂ ಸದ್ದೇ ಬರ್ತಿಲ್ಲ,” ಎಂದ.

“ದೂರು ಹೋಗಿದೆಯಪ್ಪ. ಮೇಲಿನವರು ಕತ್ತರಿಸಿದ್ದಾರೆ,” ಎಂದೆ.

ಅವನು ಮನೆಗೆ ಹೋಗಿ ಫೋನನ್ನು ತಂದು ಮೇಜಿನ ಮೇಲೆ ಇಟ್ಟು ಹೋದ. ಕುಲಾವಿಯನ್ನು ತೆಗೆದಿಟ್ಟುಕೊಂಡಿದ್ದ.

ಹದಿನೈದು ದಿನಕ್ಕೆ ಆ ಹೆಂಗಸಿನ ಎಡಗಾಲಿನ ಪಾದ ತೆಗೆದರು. ಆ ಸುದ್ದಿಯ ಮೇಲೆ ಯಾವ ಹಳ್ಳಿಯವರೂ ಅವನನ್ನು ಕರೆಯಲಿಲ್ಲ. ಜೀಪ್ ಮಾರಿದ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋದ. ಹೊಸ ಯಂತ್ರದಲ್ಲಿ ಜಾಗ ಬೇಕಾದಷ್ಟಿತ್ತು. ಎರಡು ತಿಂಗಳಿಗೆ ಕಾದವರಿಗೆಲ್ಲ ಫೋನ್ ಮಂಜೂರಾಯಿತು. ಪಟ್ಟಿಯಲ್ಲಿ ಅವನ ಹೆಸರೂ ಇತ್ತು. ಆ ಕಾಗದವನ್ನು ನಾನೇ ತೆಗೆದುಕೊಂಡು ಹೋಗಿ ಬೀಗ ಹಾಕಿದ ಬಾಗಿಲನ್ನು ನೋಡಿ ಬಂದೆ.

ಎರಡು ವರ್ಷದ ಮೇಲೆ ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ. ಪ್ರೈವೇಟ್ ಬಸ್ಸಿಗೆ ಡ್ರೈವರ್ ಆಗಿದ್ದ. ನಾನು ತಪ್ಪಿಸಿಕೊಳ್ಳಲು ನೋಡಿದೆ, ಅವನೇ ಕರೆದ. ಚಹಾ ತರಿಸಿದ. ನನ್ನ ತಾಯಿಯ ಸೊಂಟದ ನೋವು ಹೇಗಿದೆ ಎಂದು ವಿಚಾರಿಸಿದ. ಆಮೇಲೆ ಲೋಟವನ್ನು ತಿರುಗಿಸುತ್ತ ಕೇಳಿದ:

“ಅಣ್ಣ, ಅವತ್ತು ರೇಡಿಯೋ ಹಾಕಿದ್ವಿ. ಅದ್ರ ಗದ್ದಲದಾಗೆ ನಂಗೇ ಕೇಳ್ಲಿಲ್ವೇನೋ. ಇಬ್ರೂ ಸೇರಿ ಎಷ್ಟು ಸಲ ನೆಪ್ಪು ಮಾಡ್ಕೊಂಡ್ವಿ, ಗೊತ್ತಾಗ್ಲಿಲ್ಲ. ಈಗ ಮನೇಲಿ ರೇಡಿಯೋನೇ ಹಾಕಾಕಿಲ್ಲ. ಆ ಅಕ್ಕನ ಕಾಲು ನನ್ನಿಂದ್ಲೇ ಹೋಯ್ತು ಅನ್ಸ್ತದೆ.”

ಅವನ ಹೆಸರು ಕೆಡಿಸಿದ್ದೆ ಎಂದಷ್ಟೇ ಅದುವರೆಗೆ ತಿಳಿದಿದ್ದೆ. ಅವನ ಕಿವಿಯ ಮೇಲೆ ಅವನಿಗೇ ನಂಬಿಕೆ ಇಲ್ಲದಂತೆ ಮಾಡಿದ್ದೆ. ನಾನು ಹೇಳಿದೆ. ಟೆಸ್ಟ್ ನಂಬರ್, ಕಿತ್ತದ್ದು, ಮತ್ತೆ ಹಾಕಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಅವನು ಏಳಲಿಲ್ಲ.

“ಇದ್ನ ನಂಗೇಳಿ ಏನು ಬಂತಣ್ಣ,” ಎಂದ ಕೊನೆಗೆ. “ನಿಮ್ ಆಫೀಸ್ಗೆ ಹೇಳ್ಬೇಡಿ, ನಿಮ್ ಅನ್ನ ಹೋಗ್ತದೆ. ಆ ಊರಿಗೆ ಹೇಳಿ. ಅಷ್ಟು ಮಾಡಿ.”

ಮುಂದಿನ ಭಾನುವಾರ ಆ ಹಳ್ಳಿಗೆ ಹೋದೆ. ಅರಳಿಕಟ್ಟೆಯ ಮೇಲೆ ಅದೇ ಯಜಮಾನರು, ಅದೇ ಮೈದುನ, ಇನ್ನೂ ನಾಲ್ಕೈದು ಜನ ಇದ್ದರು. ನಿಂತೇ ಹೇಳಿದೆ. ಮುಗಿಸಿದಾಗ ಮೈದುನ ನಕ್ಕ.

“ಸಾಬ ಎಷ್ಟು ಕೊಟ್ಟ ಸ್ವಾಮಿ?”

“ಇಲ್ಲಪ್ಪ, ನಿಜವಾಗ್ಲೂ…”

“ಅವತ್ತು ನೂರು ಜನದ ಮುಂದೆ ತೊಂದ್ರೆ ಇರ್ಲಿಲ್ಲ ಅಂದ್ರಿ. ಇವತ್ತು ಇತ್ತು ಅಂತೀರಿ. ಯಾವ ಬಾಯಿನ ನಂಬ್ಬೇಕು ನಾವು?”

ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಗುರುತು ಉಳಿಯಬಾರದೆಂದೇ ಆ ದಾರಿ ಹಿಡಿದಿದ್ದವನು ನಾನು. ತಂತಿ ಸುಟ್ಟಿದ್ದೆ. ಯಂತ್ರ ಎಲ್ಲಿಗೋ ಹೋಗಿತ್ತು.

ಯಜಮಾನರು ಪ್ಲಾಸ್ಟಿಕ್ ಚೀಲದಿಂದ ಒಂದು ಹಾಳೆ, ಒಂದು ಪೆನ್ನು ತೆಗೆದು ಕಟ್ಟೆಯ ಮೇಲೆ ಇಟ್ಟರು. “ಬಾಯ್ ಮಾತು ಬ್ಯಾಡ. ಬರ್ದು ರುಜು ಆಕಿ ಕೊಡಿ. ನಿಮ್ ಸಾಹೇಬ್ರ ಕೈಗೆ ಇದು ಸಿಕ್ರೆ ನಿಮ್ ಕೆಲ್ಸ ಓಯ್ತದೆ ಅಂತ ನಂಗೂ ಗೊತ್ತು. ಅಂಗಿದ್ರೂ ಬರದ್ರೆ ನಂಬ್ತೀವಿ. ಆ ಸಾಬಂಗೆ ನಾನೇ ಓಗಿ ಕೈ ಮುಗೀತೀನಿ.”

ಪೆನ್ನು ಹಿಡಿದೆ. ನಿವೃತ್ತಿಗೆ ಆರು ವರ್ಷ ಇತ್ತು, ಇಬ್ಬರು ಹೆಣ್ಣುಮಕ್ಕಳ ಮದುವೆ ಆಗಬೇಕಿತ್ತು. ಇವು ಕಾರಣಗಳಲ್ಲ, ಆಗ ತಲೆಗೆ ಬಂದ ಮಾತುಗಳು. “ಮನೇಲಿ ಸರಿಯಾಗಿ ಬರ್ಕೊಂಡು ತರ್ತೀನಿ,” ಎಂದೆ. ಯಜಮಾನರು ಪೆನ್ನನ್ನು ವಾಪಸ್ಸು ತೆಗೆದುಕೊಂಡು ಮುಚ್ಚಳ ಹಾಕಿದರು. ನಾನು ಬಸ್ಸಿನ ಕಡೆ ನಡೆಯುವಾಗ ಹಿಂದಿನಿಂದ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆ ಯಜಮಾನರು ಈಗ ಇಲ್ಲ. ನನಗೆ ಪಿಂಚಣಿ ಬರುತ್ತದೆ, ಮಕ್ಕಳ ಮದುವೆಯಾಗಿ ಮೊಮ್ಮಕ್ಕಳಿದ್ದಾರೆ. ಕಳೆದ ತಿಂಗಳು ಇಲ್ಲಿಯವರೆಗಿನ ಮಾತನ್ನೆಲ್ಲ ಬಿಳಿ ಹಾಳೆಯ ಮೇಲೆ ಬರೆದು, ಕೆಳಗೆ ರುಜು ಹಾಕಿ, ಶ್ರೀರಂಗಪಟ್ಟಣಕ್ಕೆ ಹೋಗಿ ಅವನ ಮನೆ ಹುಡುಕಿದೆ. ಗಡ್ಡವೆಲ್ಲ ಬೆಳ್ಳಗಾಗಿದೆ. ಹೆಂಡತಿ ತೀರಿಕೊಂಡಿದ್ದಾಳೆ. ಅವಳು ಹೋಗುವವರೆಗೂ ಆ ಮನೆಯಲ್ಲಿ ರೇಡಿಯೋ ಹಾಕಲಿಲ್ಲವಂತೆ. ಅವನು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆಯನ್ನು ನಿಧಾನವಾಗಿ ಓದಿದ. ನಾನು ಕೂರಲಾರದೆ ಬಾಗಿಲ ಹತ್ತಿರ ನಿಂತಿದ್ದೆ.

“ಆ ಅಕ್ಕ ಇನ್ನೂ ಅವ್ಳೆ,” ಎಂದ. “ಕೋಲು ಹಿಡ್ಕೊಂಡು ಓಡಾಡ್ತಾಳಂತೆ. ಅವಳ ಮುಂದೆ ಇದನ್ನ ಓದ್ಬೇಕು. ನೀವೇ ಓದ್ಬೇಕು.”

“ಓದ್ತೀನಪ್ಪ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗ್ತೀನಿ.”

“ನಾನೂ ಬರ್ತೀನಿ.” ಕೊನೆಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. “ರುಜು ಐತೆ. ತಾರೀಖು ಹಾಕಿಲ್ವಲ್ಲ ಅಣ್ಣ.”

“ಯಾವ ತಾರೀಖು ಹಾಕ್ಲಿ? ಅವತ್ತಿಂದಾ, ಇವತ್ತಿಂದಾ?”

ಅವನು ತನ್ನ ಜೇಬಿನ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟ.

“ಎರಡೂ ಹಾಕಿ. ಮಧ್ಯೆ ಎಷ್ಟು ವರ್ಷ ಅಂತ ಅವ್ರೇ ಎಣಿಸ್ಕೊಳ್ಲಿ.”